ಶ್ರೀರಂಗಪಟ್ಟಣ ಗೆದ್ದ ಮೂವರು ಮಿತ್ರರು ಶತ್ರುಗಳಾದದ್ದು ಹೇಗೆ? – ನಮ್ಮ ಗಡಿಯ ಹಿಂದಿನ ಇತಿಹಾಸ



ಗಡಿ ಊರುಗಳ ಕನ್ನಡಿಗರು ಒಂದೆಡೆ ಸೇರಿದರೆ "ನಾವು ಈ ಕಡೆ ಉಳಿದದ್ದು ಯಾಕೆ?" ಎಂಬ ಮಾತು ಬಂದೇ ಬರುತ್ತದೆ. ಸಾಮಾನ್ಯವಾಗಿ ಎಲ್ಲರೂ 1956ನೇ ಇಸವಿ ಹೇಳಿ ಸುಮ್ಮನಾಗುತ್ತಾರೆ. ಆದರೆ ಕನ್ನಡ ನೆಲ ಹರಿದು ಹಂಚಿಹೋದದ್ದು ಅದಕ್ಕೂ ಬಹಳ ಹಿಂದೆ, 1792ರಿಂದ 1818ರ ನಡುವೆ. ಒಟ್ಟಿಗೆ ಯುದ್ಧ ಮಾಡಿದ ಮೂವರು ಆಮೇಲೆ ತಮ್ಮತಮ್ಮಲ್ಲೇ ಕಾದಾಡಿದ ಕಾಲ ಅದು. ಅದರ ವಿವರವನ್ನು ಸದಸ್ಯರ ಮಾಹಿತಿಗಾಗಿ ಇಲ್ಲಿ ಕೊಟ್ಟಿದೆ.

1. ಮೂವರು ಒಂದಾದದ್ದು

ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ, ಪುಣೆಯ ಪೇಶ್ವೆ, ಹೈದರಾಬಾದಿನ ನಿಜಾಮ – ಈ ಮೂವರಲ್ಲಿ ಮೊದಲಿನಿಂದ ಸ್ನೇಹವೇನೂ ಇರಲಿಲ್ಲ. 1780ರ ಸುಮಾರಿಗೆ ಮರಾಠರೂ ನಿಜಾಮನೂ ಹೈದರ್ ಅಲಿಯ ಜೊತೆ ಸೇರಿ ಕಂಪನಿಯ ವಿರುದ್ಧ ನಿಂತಿದ್ದರು. ಹತ್ತು ವರ್ಷದಲ್ಲಿ ಎಲ್ಲ ತಿರುಗಿತು. ಟಿಪ್ಪು ಸುಲ್ತಾನನ ಬಲ ಮೂವರಿಗೂ ಭಯ ಹುಟ್ಟಿಸಿತು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1790ರ ಜೂನ್‌ನಲ್ಲಿ ಮರಾಠರೊಡನೆಯೂ ಜುಲೈನಲ್ಲಿ ನಿಜಾಮನೊಡನೆಯೂ ಒಪ್ಪಂದ ಮಾಡಿಕೊಂಡ.

ಆ ಯುದ್ಧದ ಮೊದಲ ದೊಡ್ಡ ಕಾಳಗ ನಡೆದದ್ದು ನಮ್ಮ ಬೆಟ್ಟದ ಬುಡದಲ್ಲೇ. ಈಗ ನಾವು ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ ಸೇರುತ್ತೇವೆ. ಆಗ ಮೈಸೂರು ಸೀಮೆಯಿಂದ ಸೈನ್ಯ ಇಳಿಯುತ್ತಿದ್ದ ದಾರಿ ಗಜ್ಜಲಹಟ್ಟಿ ಕಣಿವೆ. 1790ರ ಸೆಪ್ಟೆಂಬರ್‌ನಲ್ಲಿ ಟಿಪ್ಪು ಆ ದಾರಿಯಲ್ಲಿ ಇಳಿದು, ಸತ್ಯಮಂಗಲದಲ್ಲಿದ್ದ ಕರ್ನಲ್ ಫ್ಲಾಯ್ಡನ ಪಡೆಯ ಮೇಲೆ ಬಿದ್ದ. ಫ್ಲಾಯ್ಡ್ ಹಿಂದೆ ಸರಿಯಬೇಕಾಯಿತು. ಆ ದಾರಿಯ ಕೆಳಗಿದ್ದ ದಣಾಯಕನಕೋಟೆ ಈಗ ಭವಾನಿಸಾಗರ ಅಣೆಕಟ್ಟಿನ ನೀರಿನಲ್ಲಿದೆ.

2. ಜೊತೆಗಿದ್ದಾಗಲೇ ಕಂಡ ಬಿರುಕು

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದ. ಮಳೆ ಹಿಡಿಯಿತು, ಎತ್ತುಗಳು ಸತ್ತವು, ಸೈನ್ಯಕ್ಕೆ ಕಾಳು ಇಲ್ಲದಾಯಿತು. ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಿದ. ದಾರಿಯಲ್ಲಿ ಮರಾಠ ಸೈನ್ಯ ಎದುರಾಯಿತು. ಅವರ ಪಾಳೆಯದ ಸಂತೆಯಲ್ಲಿ ಧಾನ್ಯ ಸಿಕ್ಕಿತು, ಆದರೆ ದುಬಾರಿ ಬೆಲೆಗೆ. ಅದೇ ವರ್ಷ ಮರಾಠ ಪಡೆಯ ಜೊತೆಗಿದ್ದ ಪಿಂಡಾರಿಗಳು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಮಠಕ್ಕೆ ನೆರವು ಕಳಿಸಿದವನು ಟಿಪ್ಪು. ಯಾರ ಪಕ್ಷ ಯಾರು ಎಂಬುದು ಧರ್ಮ ನೋಡಿ ಆದದ್ದಲ್ಲ, ಭಾಷೆ ನೋಡಿಯೂ ಅಲ್ಲ.

3. ಹಂಚಿಕೆ

1792ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಮಲಬಾರ್, ದಿಂಡಿಗಲ್, ಬಾರಾಮಹಲ್ ಕಂಪನಿಗೆ ಬಂದವು. ಮರಾಠರ ಗಡಿ ತುಂಗಭದ್ರೆಗೆ ಬಂತು. ಕಡಪದ ಕಡೆಯ ಸೀಮೆ ನಿಜಾಮನಿಗೆ ಹೋಯಿತು.

ಇಲ್ಲಿ ಒಂದು ಅಂಶ ಗಮನಿಸಬೇಕು. ಮಿತ್ರರ ಒಪ್ಪಂದದಲ್ಲಿ ಗೆದ್ದ ನೆಲ ಹಂಚಿಕೊಳ್ಳುವ ಬಗ್ಗೆ ಬರೆದಿತ್ತು. ಟಿಪ್ಪು ಮತ್ತೆ ಮೇಲೆ ಬಿದ್ದರೆ ಏನು ಮಾಡಬೇಕೆಂದೂ ಬರೆದಿತ್ತು. ಮಿತ್ರರೇ ತಮ್ಮಲ್ಲಿ ಜಗಳವಾಡಿದರೆ ಏನು ಮಾಡಬೇಕೆಂದು ಬರೆದಿರಲಿಲ್ಲ.

4. ಎರಡು ಬಣ

ಮೂರೇ ವರ್ಷದಲ್ಲಿ ಆ ಕೊರತೆ ಹೊರಬಿತ್ತು. ಚೌತ್ ಬಾಕಿಯ ವಿಷಯದಲ್ಲಿ ಮರಾಠರು ನಿಜಾಮನ ಮೇಲೆ ದಂಡೆತ್ತಿ, 1795ರ ಮಾರ್ಚ್‌ನಲ್ಲಿ ಖರ್ಡಾದಲ್ಲಿ ಸೋಲಿಸಿದರು. ಗವರ್ನರ್ ಜನರಲ್ ಜಾನ್ ಶೋರ್ ನಿಜಾಮನ ನೆರವಿಗೆ ಬರಲಿಲ್ಲ. ಇಬ್ಬರೂ ಮಿತ್ರರೇ, ಒಬ್ಬರ ವಿರುದ್ಧ ಇನ್ನೊಬ್ಬರಿಗೆ ಸಹಾಯ ಮಾಡುವ ಬಾಧ್ಯತೆ ಇಲ್ಲ ಎಂಬುದು ಅವನ ವಾದ. ಮುನಿದ ನಿಜಾಮ ಫ್ರೆಂಚ್ ಅಧಿಕಾರಿ ರೇಮಂಡನ ಪಡೆಯನ್ನು ಬೆಳೆಸಿದ. ಇಂಗ್ಲಿಷರಿಗೆ ಅದೇ ಹೊಸ ಭಯವಾಯಿತು. 1798ರಲ್ಲಿ ವೆಲ್ಲೆಸ್ಲಿ ನಿಜಾಮನೊಡನೆ ಸಹಾಯಕ ಸೈನ್ಯ ಒಪ್ಪಂದ ಮಾಡಿ ಆ ಪಡೆಯನ್ನು ವಿಸರ್ಜಿಸಿದ.

1799ರ ಮೇ 4ರಂದು ಟಿಪ್ಪು ಮಡಿದ. ಆ ಯುದ್ಧದಲ್ಲಿ ಮರಾಠರು ಸೇರಲಿಲ್ಲ. ಸಮಾನ ಶತ್ರು ಹೋದ ಮೇಲೆ ಒಂದು ಕಡೆ ಕಂಪನಿ, ನಿಜಾಮ, ಹೊಸ ಮೈಸೂರು. ಇನ್ನೊಂದು ಕಡೆ ಮರಾಠ ಸರದಾರರು. 1803ರಲ್ಲಿ ಸಿಂಧಿಯಾ ಮತ್ತು ಭೋಂಸ್ಲೆಯವರ ಮೇಲೆ ನಡೆದ ಯುದ್ಧಕ್ಕೆ ದಿವಾನ್ ಪೂರ್ಣಯ್ಯನವರು ಮೈಸೂರಿನ ಕುದುರೆ ಪಡೆಯನ್ನೂ ಕಳಿಸಿದರು. 1818ರಲ್ಲಿ ಪೇಶ್ವೆಯ ಆಳ್ವಿಕೆಯೇ ಮುಗಿಯಿತು.

5. ಹೊರ ಜಗತ್ತಿನಲ್ಲಿ

1945ರಲ್ಲಿ ಹಿಟ್ಲರನನ್ನು ಒಟ್ಟಾಗಿ ಸೋಲಿಸಿದ ಅಮೆರಿಕ, ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ ಹೀಗೆಯೇ ಬೇರೆಯಾದವು. ಜರ್ಮನಿಯನ್ನು ಹಂಚಿಕೊಂಡರು, ಆಮೇಲೆ ಅದೇ ಜರ್ಮನಿಯ ಬಗ್ಗೆ ಜಗಳವಾಡಿದರು. 1949ರಲ್ಲಿ ನ್ಯಾಟೋ, 1955ರಲ್ಲಿ ವಾರ್ಸಾ ಒಪ್ಪಂದ ಹುಟ್ಟಿದವು. ಒಂದು ವ್ಯತ್ಯಾಸವಿದೆ: ಅಲ್ಲಿ ಎರಡು ಬಣಗಳೂ ಸರಿಸಮ ನಿಂತವು, ಇಲ್ಲಿ ಒಬ್ಬ ಪಾಲುದಾರ ಉಳಿದಿಬ್ಬರನ್ನೂ ಒಬ್ಬೊಬ್ಬರಾಗಿ ಅಡಗಿಸಿದ.

6. ನಮಗೆ ಉಳಿದದ್ದು

ಥಾಮಸ್ ಮನ್ರೋ ಎಂಬ ಒಬ್ಬ ಅಧಿಕಾರಿ ಕೆಲಸ ಮಾಡಿದ ಜಾಗಗಳನ್ನು ಸಾಲಾಗಿ ಬರೆದರೆ ಈ ಇತಿಹಾಸವೆಲ್ಲ ಕಾಣುತ್ತದೆ: 1792ರಿಂದ ಬಾರಾಮಹಲ್, 1799ರಲ್ಲಿ ಕೆನರಾ, 1800ರಿಂದ ನಿಜಾಮ ಬಿಟ್ಟುಕೊಟ್ಟ ಬಳ್ಳಾರಿ–ಕಡಪ ಸೀಮೆ, 1817–18ರಲ್ಲಿ ಧಾರವಾಡದ ಕಡೆ ಮತ್ತು ಸೊಲ್ಲಾಪುರ. ಕಂಪನಿಗೆ ನೆಲ ಸೇರಿದ ಹಾಗೆ ಕಂದಾಯದ ಲೆಕ್ಕವೂ ಹಿಂದೆಯೇ ಬಂತು.

1799ರಲ್ಲಿ ಕಂಪನಿಯ ಪಾಲಿಗೆ ಬಂದದ್ದರಲ್ಲಿ ಕೊಯಮತ್ತೂರು ಸೀಮೆಯೂ ಒಂದು. ಹಾಗೆ ನಮ್ಮ ಬೆಟ್ಟ ಮದರಾಸಿನ ಲೆಕ್ಕಕ್ಕೆ ಸೇರಿತು. ಕೆನರಾದ ಜೊತೆ ಕಾಸರಗೋಡು, ಬಳ್ಳಾರಿಯ ಜೊತೆ ಆದವಾನಿ, ರಾಯದುರ್ಗ ಕೂಡ ಸೇರಿದವು. 1953 ಮತ್ತು 1956ರಲ್ಲಿ ಈ ಹರಕನ್ನು ಬಹುಮಟ್ಟಿಗೆ ಹೊಲಿದರು. ಬಳ್ಳಾರಿ ಬಂತು, ಕೊಳ್ಳೇಗಾಲ ಬಂತು. ತಾಳವಾಡಿ, ಕಾಸರಗೋಡು, ಆದವಾನಿ, ರಾಯದುರ್ಗ, ಸೊಲ್ಲಾಪುರ ಅಂಚಿನ ಆಚೆ ಉಳಿದವು.

ಆದ್ದರಿಂದ ಗಡಿಯ ಬಗ್ಗೆ ಮಾತಾಡುವಾಗ ಪಕ್ಕದ ಮನೆಯ ತಮಿಳರನ್ನೋ ತೆಲುಗರನ್ನೋ ಮಲಯಾಳಿಗಳನ್ನೋ ಮರಾಠಿಗರನ್ನೋ ದೂರುವುದರಲ್ಲಿ ಅರ್ಥವಿಲ್ಲ. ಮೊದಲ ಗೆರೆ ಎಳೆದವರು ಅವರಲ್ಲ, ನಾವೂ ಅಲ್ಲ. ಶಾಲೆಯಲ್ಲಿ ಕನ್ನಡ ಮೇಷ್ಟ್ರು, ಕಚೇರಿಯಲ್ಲಿ ಕನ್ನಡದ ಅರ್ಜಿ – ಇವು ನಾವು ಕೇಳಬೇಕಾದ ಹಕ್ಕು, ಕೇಳುತ್ತಲೇ ಇರೋಣ. ನೆರೆಹೊರೆಯವರ ಜೊತೆ ಮನಸ್ತಾಪ ಮಾತ್ರ ಬೇಡ. ನವೆಂಬರ್ 1ರ ಸಭೆಯಲ್ಲಿ ಮಾತಾಡುವ ಯುವಕರು 1956ರ ಜೊತೆಗೆ 1792, 1799, 1818 ಎಂಬ ಮೂರು ಇಸವಿಗಳನ್ನೂ ನೆನಪಿಟ್ಟುಕೊಳ್ಳಬೇಕೆಂದು ವಿನಂತಿ.

– ಕಾರ್ಯದರ್ಶಿ