ಒಳ ಲೆಕ್ಕಪರಿಶೋಧನದ ಅವಶ್ಯಕತೆ: ನಗರ ಫೌಜುದಾರಿಯ ಒಂದು ನಿದರ್ಶನ

ಕಂಪನಿಗಳು ತಮ್ಮೊಳಗೇ ಒಂದು ಲೆಕ್ಕಪರಿಶೋಧನ ಇಲಾಖೆಯನ್ನು ಏಕೆ ಸ್ಥಾಪಿಸಿಕೊಳ್ಳುತ್ತವೆ ಎಂಬ ಪ್ರಶ್ನೆಯು ವಾಣಿಜ್ಯಶಾಸ್ತ್ರಕ್ಕೆ ಮಾತ್ರ ಸೇರಿದ್ದೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಅದರ ಮೂಲದಲ್ಲಿರುವ ತೊಡಕು ಕಂಪನಿಗಳಿಗಿಂತ ಹಳೆಯದು. ಹಣದ ಒಡೆಯನು ಒಂದೆಡೆ, ಹಣವನ್ನು ಮುಟ್ಟುವವನು ದೂರದ ಇನ್ನೊಂದೆಡೆ. ಮುಟ್ಟಿದವನು ಬರೆಸಿದ ಲೆಕ್ಕವನ್ನೇ ಒಡೆಯನು ನಂಬಬೇಕು. ಇಂತಹ ಸ್ಥಿತಿಯ ಪರಿಣಾಮವನ್ನು ಚನ್ನಗಿರಿ-ಹೊನ್ನಾಳಿ ಸೀಮೆಯ ಇತಿಹಾಸದಲ್ಲಿ ನಾವು ಸ್ಪಷ್ಟವಾಗಿ ಕಾಣಬಹುದು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನವು ಫೌಜುದಾರಿಗಳಾಗಿ ವಿಂಗಡವಾಗಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳು ನಗರ ಫೌಜುದಾರಿಗೂ ಜಗಳೂರಿನ ಸೀಮೆಯು ಚಿತ್ರದುರ್ಗ ಫೌಜುದಾರಿಗೂ ಸೇರಿದ್ದವು. ಕಂದಾಯದ ವಸೂಲಿ ನಡೆಯುತ್ತಿದ್ದುದು ಶರತ್ತಿನ ಪದ್ಧತಿಯಿಂದ. ಅಮಲ್ದಾರನು ಇಷ್ಟು ಮೊತ್ತವನ್ನು ಸಲ್ಲಿಸುವೆನೆಂದು ಬರೆದುಕೊಡಬೇಕು. ಕಡಮೆಯಾದರೆ ತಾನೇ ತುಂಬಿಕೊಡಬೇಕು. ಹೆಚ್ಚಾದುದು ಸರ್ಕಾರಕ್ಕೆ ಸೇರಬೇಕು. ಮೊತ್ತ ಬಂದಿತೆ ಎಂಬುದನ್ನು ಹುಜೂರಿನವರು ತಿಳಿಯಬಹುದಾಗಿತ್ತು. ಅದು ಯಾರಿಂದ, ಯಾವ ಬಗೆಯಲ್ಲಿ ಬಂದಿತು ಎಂಬುದನ್ನು ತಿಳಿಸುವ ಸ್ವತಂತ್ರ ವ್ಯವಸ್ಥೆಯನ್ನು ಈ ಪದ್ಧತಿಯು ಒಳಗೊಂಡಿರಲಿಲ್ಲ.

ಲೆಕ್ಕವನ್ನು ಪರಿಶೀಲಿಸುವ ಯತ್ನವೇ ನಡೆಯಲಿಲ್ಲವೆಂದು ಇದರ ಅರ್ಥವಲ್ಲ. ನಗರದಲ್ಲಿ ಹಿಂದಿನ ಅಧಿಕಾರಿಗಳು ರೈತರ ಬಾಕಿಗಳಿಗೆ ಮಾಫಿ ಕೊಟ್ಟಿದ್ದರು. ಇದರಲ್ಲಿ ಮೋಸವಿದೆಯೆಂಬ ಸಂಶಯ ಬಂದು, ವೀರರಾಜ ಅರಸು ಎಂಬವರನ್ನು ಅಲ್ಲಿಗೆ ಫೌಜುದಾರರನ್ನಾಗಿ ಕಳುಹಿಸಲಾಯಿತು. ಅವರು ಲೆಕ್ಕಗಳನ್ನು ಶೋಧಿಸಿ ಅಕ್ರಮಗಳನ್ನು ಹೊರಗೆಡಹಿದರು. ಅದರೊಡನೆ ಮಾಫಿಗಳನ್ನು ರದ್ದುಗೊಳಿಸಿ ಬಾಕಿಯ ವಸೂಲಿಗೂ ತೊಡಗಿದರು. ಇಲ್ಲಿ ಗಮನಾರ್ಹವಾದ ಅಂಶ ಇದು: ಪರಿಶೋಧಕನೂ ವಸೂಲಿಗಾರನೂ ಒಬ್ಬನೇ ಆಗಿದ್ದನು. ತಪ್ಪು ಅಧಿಕಾರಿಗಳದು, ಅದರ ಭಾರ ಬಿದ್ದುದು ರೈತನ ಮೇಲೆ.

1830ರಲ್ಲಿ ರೈತರ ಕೂಟಗಳು ಎದ್ದವು. ಇಂದು ಚನ್ನಗಿರಿ ತಾಲ್ಲೂಕಿಗೆ ಸೇರಿರುವ ಬಸವಾಪಟ್ಟಣದಲ್ಲಿ ರೈತರು ನೆರೆದರು. ಬೂದಿ ಬಸವಪ್ಪನು ನಗರದ ಒಡೆತನಕ್ಕೆ ಹಕ್ಕು ಹೂಡಿದನು. ಹೊನ್ನಾಳಿಯ ಕೋಟೆ ಕಾಳಗವನ್ನು ಕಂಡಿತು. 1831ರ ಅಕ್ಟೋಬರಿನಲ್ಲಿ ಬ್ರಿಟಿಷರು ಆಡಳಿತವನ್ನು ವಹಿಸಿಕೊಂಡರು. ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಇವರಿದ್ದ ಸಮಿತಿಯು 1833ರ ಡಿಸೆಂಬರಿನ ವರದಿಯಲ್ಲಿ ದುರಾಡಳಿತವೇ ದಂಗೆಗೆ ಕಾರಣವೆಂದು ನಿರ್ಣಯಿಸಿತು. ಅರಸುಮನೆತನಕ್ಕೆ ಆಡಳಿತವು ಮರಳಿದುದು 1881ರಲ್ಲಿ.

ಕಂಪನಿಗಳ ಚರಿತ್ರೆಯೂ ಇದೇ ಜಾಡಿನಲ್ಲಿ ಸಾಗಿತು. ಹತ್ತೊಂಬತ್ತನೆಯ ಶತಮಾನದ ರೈಲ್ವೆ ಕಂಪನಿಗಳಿಗೆ ನೂರಾರು ನಿಲ್ದಾಣಗಳಲ್ಲಿ ನಿತ್ಯವೂ ಹಣ ಸೇರುತ್ತಿತ್ತು. ನಿಲ್ದಾಣದಿಂದ ನಿಲ್ದಾಣಕ್ಕೆ ಸಂಚರಿಸಿ ಲೆಕ್ಕ ನೋಡುವ ತಮ್ಮದೇ ನೌಕರರನ್ನು ಅವು ನೇಮಿಸಿಕೊಂಡವು. ವರ್ಷಾಂತ್ಯದಲ್ಲಿ ಬರುವ ಹೊರಗಿನ ಪರಿಶೋಧಕನು ಮುಗಿದುದನ್ನು ನೋಡುತ್ತಾನೆ. ಒಳಗಿನವನು ನಡೆಯುತ್ತಿರುವುದನ್ನು ನೋಡುತ್ತಾನೆ. 1941ರಲ್ಲಿ ನ್ಯೂಯಾರ್ಕಿನಲ್ಲಿ ಒಳ ಲೆಕ್ಕಪರಿಶೋಧಕರ ಸಂಸ್ಥೆಯು ಸ್ಥಾಪಿತವಾಯಿತು. ನಮ್ಮಲ್ಲಿ 2013ರ ಕಂಪನಿ ಅಧಿನಿಯಮದ 138ನೆಯ ಪ್ರಕರಣವು ಷೇರುಪೇಟೆಯ ಪಟ್ಟಿಯಲ್ಲಿರುವ ಎಲ್ಲ ಕಂಪನಿಗಳಿಗೂ, 200 ಕೋಟಿ ರೂಪಾಯಿಗಳ ವಾರ್ಷಿಕ ವಹಿವಾಟನ್ನು ಮುಟ್ಟಿದ ಇತರ ಕಂಪನಿಗಳಿಗೂ ಒಳ ಪರಿಶೋಧಕನನ್ನು ಕಡ್ಡಾಯಗೊಳಿಸಿದೆ. ಪರಿಶೋಧನದ ವ್ಯಾಪ್ತಿಯನ್ನು ಅವನೊಡನೆ ಸಮಾಲೋಚಿಸಿ ಗೊತ್ತುಪಡಿಸತಕ್ಕವರು ನಿರ್ದೇಶಕ ಮಂಡಲಿ ಅಥವಾ ಅದರ ಲೆಕ್ಕಪರಿಶೋಧನ ಸಮಿತಿಯವರು. ಹಣ ಮುಟ್ಟುವ ಅಧಿಕಾರಿಯಲ್ಲ.

ನಗರದ ಪ್ರಕರಣವು ಈ ನಿಯಮದ ಅರ್ಥವನ್ನು ತಿಳಿಯಪಡಿಸುತ್ತದೆ. ಇಲಾಖೆಯೊಂದನ್ನು ತೆರೆದ ಮಾತ್ರಕ್ಕೆ ಪರಿಶೋಧನವು ಸಿದ್ಧಿಸುವುದಿಲ್ಲ. ಪರಿಶೋಧಕನು ವಸೂಲಿಯಿಂದ ದೂರವಿರಬೇಕು, ಒಡೆಯನಿಗೆ ನೇರವಾಗಿ ಉತ್ತರ ಕೊಡುವಂತಿರಬೇಕು. ಚನ್ನಗಿರಿ, ನ್ಯಾಮತಿಗಳ ಅಡಕೆ ಬೆಳೆಗಾರನಾಗಲಿ ಜಗಳೂರಿನ ಮಳೆಯಾಧಾರದ ರೈತನಾಗಲಿ ಇಂದು ತನ್ನ ಹಣವನ್ನು ಸಂಘಕ್ಕೋ ಬ್ಯಾಂಕಿಗೋ ಒಪ್ಪಿಸುವಾಗ, ಅದರ ಲೆಕ್ಕವನ್ನು ತಾನು ನೋಡಲಾರನು. ಅವನ ಪರವಾಗಿ ನೋಡುವ ಕಣ್ಣು ಯಾರ ಅಧೀನದಲ್ಲಿದೆ ಎಂಬುದೇ 1830ರಲ್ಲಿಯೂ ಇಂದೂ ಮುಖ್ಯವಾದ ಪ್ರಶ್ನೆ.