ಕೆಂಗಲ್ ವರ್ಸಸ್ ದೊಡ್ಡಗೌಡ್ರು: ಗೆಲ್ಲೋದು ಯಾರು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕು ತಾಲ್ಲೂಕಿನಲ್ಲಿ ಎಲೆಕ್ಷನ್ ಸಮಯಕ್ಕೆ ಮೈಕ್ ಹಿಡಿದು ನಿಂತರೆ ಒಂದು ಪ್ರಶ್ನೆ ಗ್ಯಾರಂಟಿ. "ಸರ್, ಕೆಂಗಲ್ ಹನುಮಂತಯ್ಯನವರೂ ದೇವೇಗೌಡ್ರೂ ಒಂದೇ ಕಾಲದಲ್ಲಿ, ಒಂದೇ ಕ್ಷೇತ್ರದಲ್ಲಿ ಎದುರುಬದುರಾಗಿದ್ರೆ ಯಾರು ಗೆಲ್ತಿದ್ರು?" ಸ್ವಲ್ಪ ವಯಸ್ಸಿನ ಹುಡುಗರಾದರೆ ಕೆಂಗಲ್ ಜಾಗಕ್ಕೆ ಡಿ.ಕೆ. ಶಿವಕುಮಾರ್ ಹೆಸರು ಹಾಕುತ್ತಾರೆ, ಅಷ್ಟೇ ವ್ಯತ್ಯಾಸ. ಹಬ್ಬದ ದಿನ ಗರಡಿ ಮುಂದೆ ಕೂತು ಸತ್ತುಹೋದ ಪೈಲ್ವಾನರ ಜೋಡಿ ಕಟ್ಟುತ್ತಾರಲ್ಲ, ಹಾಗೆ.

ನಾನು ಓದಿದ್ದು ಇಂಜಿನಿಯರಿಂಗ್. ಇಂಥ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಇನ್‌ಪುಟ್ ಏನು, ಔಟ್‌ಪುಟ್ ಏನು ಅಂತಲೇ ತಲೆ ಓಡುತ್ತೆ. ಅಮೆರಿಕದಲ್ಲಿ ಒಬ್ಬ ಇದನ್ನು ನಿಜಕ್ಕೂ ಮಾಡಿಯೇಬಿಟ್ಟ. ಹೆಸರು ಮರ್ರಿ ವೊರೊನರ್, ಮಯಾಮಿಯ ರೇಡಿಯೋ ನಿರ್ಮಾಪಕ. 1967ರಲ್ಲಿ ಬೇರೆ ಬೇರೆ ಕಾಲದ 16 ಹೆವಿವೇಟ್ ಬಾಕ್ಸರ್‌ಗಳ ಅಂಕಿಅಂಶವನ್ನು ಕಂಪ್ಯೂಟರಿಗೆ ತುಂಬಿ, ರೇಡಿಯೋದಲ್ಲಿ ಟೂರ್ನಮೆಂಟ್ ನಡೆಸಿದ. ಅದರಲ್ಲಿ ಮುಹಮ್ಮದ್ ಅಲಿ ಸೋತುಬಿಟ್ಟ. ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದಿದ್ದಕ್ಕೆ ಅಲಿಯ ಪಟ್ಟವನ್ನೇ ಕಿತ್ತುಕೊಂಡಿದ್ದ ವರ್ಷ ಅದು. ನಿಜವಾದ ರಿಂಗಿಗೆ ಪ್ರವೇಶವಿಲ್ಲ, ಇಲ್ಲದ ರಿಂಗಿನಲ್ಲಿ ಸೋಲು! ಅಲಿ ಕೋರ್ಟಿಗೆ ಹೋದ. ಕೊನೆಗೆ ರಾಜಿಯಾಗಿ, 1969ರಲ್ಲಿ ಸ್ಟುಡಿಯೋ ಒಂದರಲ್ಲಿ ರಾಕಿ ಮಾರ್ಸಿಯಾನೊ ಜೊತೆ ಕ್ಯಾಮೆರಾ ಮುಂದೆ ಹೊಡೆದಾಡುವ ನಟನೆ ಮಾಡಿದ.

ಮಾರ್ಸಿಯಾನೊ 49 ಪಂದ್ಯ ಆಡಿ ಒಂದೂ ಸೋಲದೆ 1956ರಲ್ಲಿ ನಿವೃತ್ತನಾದವನು. ಶೂಟಿಂಗಿಗೆ ಅಂತ 45ನೇ ವಯಸ್ಸಿನಲ್ಲಿ ಇಪ್ಪತ್ತು ಕೆ.ಜಿ.ಗೂ ಹೆಚ್ಚು ತೂಕ ಇಳಿಸಿ, ತಲೆಗೆ ವಿಗ್ ಹಾಕಿಕೊಂಡು ಬಂದ. ಕೊನೆ ದೃಶ್ಯವನ್ನು ಬೇರೆ ಬೇರೆ ಥರ ಚಿತ್ರೀಕರಿಸಿದರು. ಕಂಪ್ಯೂಟರ್ ಯಾರನ್ನು ಗೆಲ್ಲಿಸುತ್ತೋ ಇಬ್ಬರಿಗೂ ಹೇಳಿರಲಿಲ್ಲ. ಫಲಿತಾಂಶ ನೋಡುವ ಮೊದಲೇ, ಆಗಸ್ಟ್ 31ರಂದು, ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡ. 1970ರ ಜನವರಿ 20ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ 13ನೇ ಸುತ್ತಿನಲ್ಲಿ ಅಲಿ ನೆಲಕ್ಕೆ ಬಿದ್ದ. ಯುರೋಪಿನ ಜನಕ್ಕೆ ತೋರಿಸಿದ ಪ್ರಿಂಟಿನಲ್ಲಿ ಗೆದ್ದವನು ಅಲಿ! ಒಂದೇ ಪಂದ್ಯ, ಕಡಲಿನ ಆಚೆಗೊಂದು ರಿಸಲ್ಟ್, ಈಚೆಗೊಂದು. ನಮ್ಮ ಎಕ್ಸಿಟ್ ಪೋಲ್‌ಗಳನ್ನು ನೋಡಿ ಬೈಯುವವರಿಗೆ ಇದನ್ನು ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಸರಿ, ಈಗ ಕೆಂಗಲ್ ಅವರನ್ನು ಆ ಕಂಪ್ಯೂಟರಿಗೆ ತುಂಬೋಣ. ಹುಟ್ಟಿದ್ದು 1908ರಲ್ಲಿ, ರಾಮನಗರದ ಲಕ್ಕಪ್ಪನಹಳ್ಳಿ. 1952ರ ಮೊದಲ ಚುನಾವಣೆಯಲ್ಲಿ ರಾಮನಗರದಿಂದ ಗೆದ್ದು ಮುಖ್ಯಮಂತ್ರಿ. ಆ ಚುನಾವಣೆ ಹೇಗಿತ್ತು ಗೊತ್ತಾ? ಮತಪತ್ರದ ಮೇಲೆ ಅಭ್ಯರ್ಥಿಗಳ ಹೆಸರು ಇರುತ್ತಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪ್ರತ್ಯೇಕ ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ನಿಮಗೆ ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿ ಬರೋದು. 21 ತುಂಬದವರಿಗೆ ಓಟಿಲ್ಲ. ದೇವೇಗೌಡರು 1994ರಲ್ಲಿ ಇದೇ ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾಗುವಷ್ಟರಲ್ಲಿ ಓಟಿನ ವಯಸ್ಸು 18ಕ್ಕೆ ಇಳಿದಿತ್ತು, ಪಕ್ಷಾಂತರ ನಿಷೇಧ ಕಾನೂನು ಬಂದಿತ್ತು. ಮತದಾರರೂ ಬೇರೆ, ಆಟದ ನಿಯಮವೂ ಬೇರೆ.

ಅದೆಲ್ಲ ಹೇಗೋ ಸರಿದೂಗಿಸಬಹುದು ಅನ್ನಿ. ಆದರೆ 1956 ಬಂದಾಗ ಲೆಕ್ಕ ಕೆಡುತ್ತೆ. ಕರ್ನಾಟಕದ ಏಕೀಕರಣ ಆಗಬೇಕೋ ಬೇಡವೋ ಅನ್ನೋ ಪ್ರಶ್ನೆ. ಹಳೇ ಮೈಸೂರಿನ ಒಕ್ಕಲಿಗ ನಾಯಕರಲ್ಲಿ ಬಹಳ ಮಂದಿಗೆ ಅದು ಬೇಡವಾಗಿತ್ತು. ದೊಡ್ಡ ರಾಜ್ಯ ಆದರೆ ಅಧಿಕಾರ ನಮ್ಮ ಕೈತಪ್ಪುತ್ತೆ ಅನ್ನೋ ಭಯ, ಅದು ಸುಳ್ಳು ಭಯವೂ ಅಲ್ಲ. ಕೆಂಗಲ್ ಆ ಸಮುದಾಯದ ಅತಿ ದೊಡ್ಡ ನಾಯಕ. ಆದರೂ ಏಕೀಕರಣದ ಪರವಾಗಿ ನಿಂತರು. ಬೇರೆ ಕಾರಣಗಳೂ ಸೇರಿ ಪಕ್ಷದೊಳಗೇ ಅವರ ವಿರುದ್ಧ ಗುಂಪು ಕಟ್ಟಿತು. ಆಗಸ್ಟಿನಲ್ಲಿ ರಾಜೀನಾಮೆ. ನವೆಂಬರ್ 1ಕ್ಕೆ ದೊಡ್ಡ ರಾಜ್ಯ ಹುಟ್ಟಿದಾಗ ಅದರ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಪಟ್ಟುಹಿಡಿದು ವಿಧಾನಸೌಧ ಕಟ್ಟಿಸಿದವರು ಅಲ್ಲಿ ಕೂರಲಿಲ್ಲ.

ಈಗ ಹೇಳಿ, ಇದನ್ನು ಕಂಪ್ಯೂಟರಿಗೆ ಹೇಗೆ ತುಂಬೋದು? ಅಖಾಡವನ್ನು ದೊಡ್ಡದು ಮಾಡೋಕೆ ಹೋಗಿ ಪಟ್ಟ ಕಳೆದುಕೊಂಡವನಿಗೆ ಪಾಯಿಂಟ್ ಕೊಡಬೇಕಾ, ಕಳೆಯಬೇಕಾ? ನಾನಾದರೆ ಕೊಡುತ್ತೇನೆ. ಆದರೆ ಹಾಗೆ ಕೊಟ್ಟ ಕ್ಷಣದಲ್ಲೇ ರಿಸಲ್ಟ್ ನನ್ನದಾಯಿತು, ಕಂಪ್ಯೂಟರಿನದಲ್ಲ. ವೊರೊನರ್ ಮಾಡಿದ್ದೂ ಇದೇ ತಾನೇ?

ಇಷ್ಟಕ್ಕೂ ಈ ಜಿಲ್ಲೆಯವರಿಗೆ ಕಾಲ್ಪನಿಕ ಪಂದ್ಯ ಯಾಕೆ ಬೇಕೋ ನನಗೆ ಗೊತ್ತಾಗಲ್ಲ. ಬೇರೆ ಊರಿನವರು ಕನಸಿನಲ್ಲಿ ಕಟ್ಟುವ ಜೋಡಿಗಳು ಇಲ್ಲಿ ನಿಜವಾಗಿಯೇ ಅಖಾಡಕ್ಕೆ ಇಳಿದಿವೆ. 1985ರಲ್ಲಿ ಸಾತನೂರಿನಲ್ಲಿ ದೇವೇಗೌಡರ ಎದುರು ನಿಂತು ಸೋತ ಹುಡುಗ ಡಿ.ಕೆ. ಶಿವಕುಮಾರ್. 1989ರಲ್ಲಿ ಅದೇ ಸಾತನೂರು ಆ ಹುಡುಗನ ಕೈಗೆ ಬಂತು. 1999ರಲ್ಲಿ ಅಲ್ಲೇ ಗೌಡರ ಮಗ ಕುಮಾರಸ್ವಾಮಿಯವರನ್ನು ಸೋಲಿಸಿದರು. 2002ರಲ್ಲಿ ಕನಕಪುರ ಲೋಕಸಭಾ ಉಪಚುನಾವಣೆ, ಮತ್ತೆ ದೇವೇಗೌಡ್ರು, ಮತ್ತೆ ಶಿವಕುಮಾರ್. ಒಬ್ಬರು ಮಾಜಿ ಪ್ರಧಾನಿ, ಎಪ್ಪತ್ತರ ಹತ್ತಿರ. ಇನ್ನೊಬ್ಬರಿಗೆ ನಲವತ್ತರ ಆಸುಪಾಸು. ಮಾರ್ಸಿಯಾನೊ, ಅಲಿ ಸ್ಟುಡಿಯೋದಲ್ಲಿ ನಟಿಸಿದ್ದನ್ನು ಇವರಿಬ್ಬರೂ ಹಳ್ಳಿ ಹಳ್ಳಿಯ ಧೂಳಿನಲ್ಲಿ ಮಾಡಿ ತೋರಿಸಿದರು. ಗೆದ್ದದ್ದು ಹಿರಿಯರು.

ಮುಗಿಯಿತಾ? ಇಲ್ಲ. ಎರಡೇ ವರ್ಷಕ್ಕೆ, 2004ರಲ್ಲಿ, ಅದೇ ಕನಕಪುರದಲ್ಲಿ ಕಾಂಗ್ರೆಸ್ ಇಳಿಸಿದ್ದು ತೇಜಸ್ವಿನಿ ಅವರನ್ನು. ಟಿವಿ ಪತ್ರಕರ್ತೆ. ಅಲ್ಲಿಯವರೆಗೆ ಒಂದು ಚುನಾವಣೆಯನ್ನೂ ಗೆದ್ದವರಲ್ಲ. ಬೆನ್ನಿಗೆ ಶಿವಕುಮಾರ್ ಇದ್ದರು, ನಿಜ. ಆದರೆ ಮತಯಂತ್ರದ ಮೇಲೆ ಇದ್ದದ್ದು ತೇಜಸ್ವಿನಿ ಹೆಸರು. ಲಕ್ಷಕ್ಕೂ ಮೀರಿದ ಅಂತರದ ಗೆಲುವು! ದೇವೇಗೌಡರು ಎರಡನೇ ಸ್ಥಾನದಲ್ಲೂ ಇರಲಿಲ್ಲ, ಮೂರನೆಯವರಾದರು. ಹಾಸನದಲ್ಲೂ ನಿಂತು ಗೆದ್ದಿದ್ದರಿಂದ ಲೋಕಸಭೆಗೆ ಹೋದರು. ನಮ್ಮ ವೃತ್ತಿಯವರು ಈ ಕಥೆಯನ್ನು ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತೇವೆ. ಆದರೆ ಜಂಬದ ಜೊತೆ ಒಂದು ಮಾತು ಸೇರಿಸಬೇಕು. ಇಬ್ಬರು ದೈತ್ಯರ ಜೋಡಿ ಕಟ್ಟಿ ಕೂತ ಪ್ರೇಕ್ಷಕ ಮೂರನೆಯವರ ಹೆಸರನ್ನು ಪಟ್ಟಿಗೇ ಸೇರಿಸಿರುವುದಿಲ್ಲ. ಓಟು ಹಾಕುವವನಿಗೆ ಆ ಪಟ್ಟಿ ಬೇಕಾಗಿಯೇ ಇಲ್ಲ.

ಪಿ.ಜಿ.ಆರ್. ಸಿಂಧ್ಯ ಅವರದ್ದೂ ಅದೇ ಕಥೆ. ಮರಾಠ ಸಮುದಾಯದ ನಾಯಕ, ಒಕ್ಕಲಿಗರ ಕೋಟೆ ಅಂತ ನಾವು ದಿನಾ ಗ್ರಾಫಿಕ್ಸ್ ಹಾಕುವ ಕನಕಪುರದಿಂದ ಆರು ಸಲ ಶಾಸಕ. ಉತ್ತರ ಕನ್ನಡದ ರಾಮಕೃಷ್ಣ ಹೆಗಡೆ 1983ರಲ್ಲಿ ಮುಖ್ಯಮಂತ್ರಿಯಾದ ಮೇಲೆ ವಿಧಾನಸಭೆಗೆ ಬಂದದ್ದೂ ಇದೇ ಕನಕಪುರದಿಂದ, ಸಿಂಧ್ಯ ಬಿಟ್ಟುಕೊಟ್ಟ ಸೀಟಿನಿಂದ. ಯಾವ ಜಾತಿ ಲೆಕ್ಕಾಚಾರದ ಸಾಫ್ಟ್‌ವೇರಿಗೆ ಹಾಕಿದರೂ ಇದು ಎರರ್ ಅಂತಲೇ ತೋರಿಸುತ್ತೆ. ಇನ್ನು 2024ರಲ್ಲಿ ಡಿ.ಕೆ. ಸುರೇಶ್ ಅವರನ್ನು ಬೆಂಗಳೂರು ಗ್ರಾಮಾಂತರದಲ್ಲಿ 2,69,647 ಮತಗಳಿಂದ ಸೋಲಿಸಿದ್ದು ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್. ದೇವೇಗೌಡರ ಅಳಿಯ ಹೌದು, ಆದರೆ ಚುನಾವಣೆಗೆ ನಿಂತದ್ದೇ ಮೊದಲ ಸಲ. ಅಲ್ಲಿ ಗೌಡರ ಮನೆ ಗೆದ್ದಿತು ಅಂದುಕೊಳ್ಳುವಷ್ಟರಲ್ಲಿ, ಆರೇ ತಿಂಗಳಿಗೆ ಚನ್ನಪಟ್ಟಣದ ಉಪಚುನಾವಣೆ. ಮೊಮ್ಮಗ ನಿಖಿಲ್ ಅವರಿಗೆ ಸೋಲು, ಸಿ.ಪಿ. ಯೋಗೇಶ್ವರ್ ಅವರಿಗೆ 25,413 ಮತಗಳ ಗೆಲುವು.

ಈ ಪಂದ್ಯಗಳನ್ನು ಇನ್ನೊಮ್ಮೆ ಆಡಿಸೋಣ ಅಂದರೂ ಆಗಲ್ಲ. ಸಾತನೂರು ವಿಧಾನಸಭಾ ಕ್ಷೇತ್ರ, ಕನಕಪುರ ಲೋಕಸಭಾ ಕ್ಷೇತ್ರ, ಎರಡೂ 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಅಳಿಸಿಹೋದವು.

ಕೆಂಗಲ್ ಅವರ ಕೊನೆಯ ಪಂದ್ಯವನ್ನು ಹೇಳಿಬಿಡುತ್ತೇನೆ. 1977, ತುರ್ತು ಪರಿಸ್ಥಿತಿ ಮುಗಿದ ಮೇಲಿನ ಲೋಕಸಭಾ ಚುನಾವಣೆ. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು, ಕರ್ನಾಟಕದಲ್ಲಿ 28ಕ್ಕೆ 26 ಸೀಟು ಗೆದ್ದಿತು. ಸೋತ ಎರಡರಲ್ಲಿ ಒಂದು ಕೆಂಗಲ್ ಅವರದ್ದು. ಸೋಲಿಸಿದವರು ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. 1973ರಲ್ಲಿ ಇಂದಿರಾ ಸರ್ಕಾರ ಹಿರಿತನ ಮೀರಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಬಂದವರು. ಆ ಕ್ಷೇತ್ರದ ಹೆಸರು ಬೆಂಗಳೂರು ದಕ್ಷಿಣ. 2025ರಲ್ಲಿ ರಾಮನಗರ ಜಿಲ್ಲೆಗೆ ಸರ್ಕಾರ ಇಟ್ಟ ಹೊಸ ಹೆಸರೂ ಬೆಂಗಳೂರು ದಕ್ಷಿಣ. ಲಕ್ಕಪ್ಪನಹಳ್ಳಿ ಈಗ ಆ ಜಿಲ್ಲೆಯಲ್ಲಿದೆ.