ರತ್ನಳನ್ನು ಕೇಳಿದವರಾರು? – ‘ರಂಗನ ಮದುವೆ’ ಮತ್ತು ನನ್ನ ಹಳೆಯ ಟಿಪ್ಪಣಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿ ಮಾಡಿದ್ದರು. ಈಗ ಅವರೂ ಕನ್ನಡ ಶಿಕ್ಷಕರು. “ಸಣ್ಣಕಥೆಯೊಂದರ ಅಂಗಗಳನ್ನು ವಿಶ್ಲೇಷಿಸಿರಿ ಎಂಬ ಪ್ರಶ್ನೆಗೆ ನೀವು ಕಮಲಾಪುರದಲ್ಲಿ ನಮಗೆ ಒಂದು ಟಿಪ್ಪಣಿ ಬರೆಸಿದ್ದಿರಿ. ಅದು ಇನ್ನೂ ಇದ್ದರೆ ಕಳಿಸಿರಿ ಸರ್” ಎಂದರು. ಟಿಪ್ಪಣಿ ಇತ್ತು. ಹಳೆಯ ಟ್ರಂಕಿನಿಂದ ತೆಗೆದು ಓದಿದೆ. ಓದಿ ಮುಗಿಸುವಷ್ಟರಲ್ಲಿ ಅದನ್ನು ಕಳಿಸಬಾರದೆಂಬ ನಿರ್ಧಾರಕ್ಕೆ ಬಂದಿದ್ದೆ. ಕಾರಣವನ್ನು ಅವರೊಬ್ಬರಿಗೇ ಹೇಳುವ ಬದಲು ಇಲ್ಲಿ ಎಲ್ಲರಿಗೂ ಬರೆಯುತ್ತಿದ್ದೇನೆ.

ಆ ಟಿಪ್ಪಣಿಯ ವಿಷಯ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ರಂಗನ ಮದುವೆ’. 1910ರಲ್ಲಿ ಈ ಕಥೆ ಹೊರಬಂದಾಗ ಅವರಿಗೆ ಹತ್ತೊಂಬತ್ತರ ಆಸುಪಾಸಿನ ವಯಸ್ಸು. 1920ರಲ್ಲಿ ‘ಕೆಲವು ಸಣ್ಣ ಕಥೆಗಳು’ ಎಂಬ ಸಂಕಲನ ಬಂದ ಮೇಲೆ ಅವರು ಕನ್ನಡ ಸಣ್ಣಕಥೆಯ ಜನಕರೆಂದೇ ಹೆಸರಾದರು. ಅವರಿಗೂ ಮೊದಲು, 1900ರ ಸುಮಾರಿಗೆ, ಮಂಗಳೂರಿನ ‘ಸುವಾಸಿನಿ’ ಪತ್ರಿಕೆಯಲ್ಲಿ ಪಂಜೆ ಮಂಗೇಶರಾಯರು ಕಥೆಗಳನ್ನು ಬರೆದಿದ್ದರು. ಪಂಜೆಯವರ ಕಥೆಯೊಂದರ ಹೆಸರು ‘ಕಮಲಪುರದ ಹೊಟ್ಲಿನಲ್ಲಿ’ ಎಂದು ನಾನು ಹೇಳಿದ ದಿನ ತರಗತಿಯಲ್ಲಿ ಗದ್ದಲವೋ ಗದ್ದಲ. “ಯಾವ ಹೋಟೆಲ್ರೀ ಸರ್, ಬಸ್‌ಸ್ಟ್ಯಾಂಡ್ ಮುಂದಿಂದೇನ್ರಿ?” ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ್ದ. ಆ ಹೆಸರಿನ ಊರುಗಳು ಹಲವು, ಹಂಪಿಯ ಮಗ್ಗುಲಲ್ಲೂ ಒಂದಿದೆ, ಕಥೆಯ ಊರು ಕಥೆಯದೇ ಎಂದು ಹೇಳಿ ಸುಮ್ಮನಾಗಿಸಿದ್ದೆ. ಕೆಂಪು ಬಾಳೆಗೆ ಹೆಸರಾದ ನಮ್ಮ ಕಮಲಾಪುರವನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ.

ನಮ್ಮ ಭಾಗದ ಮಕ್ಕಳಿಗೆ ಕನ್ನಡ ಕಥೆಯನ್ನು ಹೀಗೆ ಬಿಡಿಸಿ ಓದುವ ಅವಕಾಶ ಒದಗಿದ್ದು ತಡವಾಗಿ. ನಿಜಾಮರ ರಾಜ್ಯದಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನ ಭಾಷೆಯೂ ಅದೇ. ನನ್ನ ತಂದೆಯವರು ಮನೆಯಲ್ಲಿ ಕನ್ನಡ ಮಾತನಾಡಿ, ಶಾಲೆಯಲ್ಲಿ ಉರ್ದು ಕಲಿತವರು. ಕಲಬುರಗಿಯಲ್ಲಿ 1907ರಷ್ಟು ಹಿಂದೆಯೇ ನೂತನ ವಿದ್ಯಾಲಯ ಆರಂಭವಾಗಿತ್ತು. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನವೂ ಇಲ್ಲಿ ನಡೆಯಿತು. ಅದರ ಮರುವರ್ಷ ಬೆಳಗಾವಿಯ ಸಮ್ಮೇಳನಕ್ಕೆ ಮಾಸ್ತಿಯವರೇ ಅಧ್ಯಕ್ಷರು. ಆದರೆ ಹಳ್ಳಿಯ ಮಗುವಿನ ಕೈಗೆ ಕನ್ನಡ ಕಥಾಸಂಕಲನ ಸಿಗಬೇಕಾದರೆ 1948ರ ವಿಮೋಚನೆ, 1956ರ ಏಕೀಕರಣ ಎರಡೂ ಆಗಬೇಕಾಯಿತು. ಕಾವ್ಯದ ಗುಣದೋಷಗಳನ್ನು ವಿಚಾರ ಮಾಡುವ ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲಿ ಇದೇ ಜಿಲ್ಲೆಯ ಮಳಖೇಡದ ಆಸ್ಥಾನದಲ್ಲಿ ಹುಟ್ಟಿತೆಂಬುದನ್ನು ನೆನೆದರೆ ಈ ವಿಳಂಬ ವಿಚಿತ್ರವೆನಿಸುತ್ತದೆ.

ಟಿಪ್ಪಣಿಗೆ ಬರುತ್ತೇನೆ. ಅದರಲ್ಲಿ ಆರು ಅಂಗಗಳು: ಕಥಾವಸ್ತು, ಪಾತ್ರಗಳು, ದೇಶಕಾಲ, ಸಂಭಾಷಣೆ, ಶೈಲಿ, ಉದ್ದೇಶ. ಒಂದೊಂದಕ್ಕೆ ಮೂರು ಮೂರು ವಾಕ್ಯ. ನಾಯಕ ರಂಗ, ನಾಯಕಿ ರತ್ನ. ಉದ್ದೇಶ, ಗ್ರಾಮಜೀವನದ ಸರಳ ಹಾಸ್ಯಮಯ ಚಿತ್ರಣ. ಇಷ್ಟನ್ನು ಬಾಯಿಪಾಠ ಮಾಡಿದವರಿಗೆ ಅಂಕಗಳು ಬಂದವು, ಸುಳ್ಳು ಹೇಳುವುದಿಲ್ಲ. ಆದರೆ ಕಥೆಯನ್ನು ನಡೆಸುವ ಅಂಗವೊಂದು ಅದರಲ್ಲಿ ಇರಲೇ ಇಲ್ಲ. ಅದು ಕಥೆ ಹೇಳುವವನ ದನಿ.

ಕಥೆ ಮರೆತವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಹೊಸಹಳ್ಳಿಯ ಶಾನುಭೋಗರ ಮಗ ರಂಗ ಇಂಗ್ಲಿಷ್ ಓದಲು ಬೆಂಗಳೂರಿಗೆ ಹೋಗಿ ಊರಿಗೆ ಮರಳುತ್ತಾನೆ. ಹುಡುಗ ಕೆಟ್ಟಿದ್ದಾನೋ ಎಂದು ನೋಡಲು ಊರೇ ನೆರೆಯುತ್ತದೆ. ಮುದುಕಿಯೊಬ್ಬಳು ಅವನ ಎದೆಯನ್ನು ಮುಟ್ಟಿ ಜನಿವಾರ ಇದೆಯೆಂದು ನೋಡಿ ಸಮಾಧಾನಪಡುತ್ತಾಳೆ. ಮಾತು ಅರ್ಥವಾಗುವ ವಯಸ್ಸಿನ, ಮನಸ್ಸಿಗೊಪ್ಪುವ ಹೆಣ್ಣು ಸಿಗದೆ ಮದುವೆಯಾಗಲಾರೆನೆಂದು ರಂಗನ ಹಟ. ನಿರೂಪಕ ಶ್ಯಾಮನಿಗೆ ಇದು ಸಹಿಸದು. ರಾಮರಾಯರ ಮನೆಗೆ ಬಂದಿರುವ ತಬ್ಬಲಿ ಹುಡುಗಿ, ಹನ್ನೊಂದು ವರ್ಷದ ರತ್ನಳನ್ನು ತನ್ನ ಮನೆಯಲ್ಲಿ ಹಾಡಿಸಿ, ಅದೇ ಹೊತ್ತಿಗೆ ರಂಗನನ್ನು ಕರೆಸುತ್ತಾನೆ. ರಂಗ ವಿಚಾರಿಸಿದಾಗ, ಆಕೆಗೆ ಮದುವೆಯಾಗಿ ಒಂದು ವರ್ಷವಾಯಿತೆಂದು ಸುಳ್ಳು ಹೇಳಿ ಅವನ ಮುಖ ಬಾಡುವುದನ್ನು ನೋಡಿ ಒಳಗೊಳಗೇ ಹಿಗ್ಗುತ್ತಾನೆ. ಆಮೇಲೆ ಮೊದಲೇ ಪಾಠ ಹೇಳಿಕೊಟ್ಟಿದ್ದ ಶಾಸ್ತ್ರಿಗಳ ಬಳಿಗೆ ಒಯ್ಯುತ್ತಾನೆ. ಹುಡುಗಿಯ ಹೆಸರು ನೀರಿನಲ್ಲಿ ಸಿಗುವ ವಸ್ತುವಿನದು ಎಂದು ಶಾಸ್ತ್ರಿಗಳು ಗುಣಿಸುತ್ತಾರೆ. ಕಮಲವೇ, ಪಾಚಿಯೇ, ಮುತ್ತೇ ಎಂದು ಸುತ್ತಾಡಿ ರತ್ನಕ್ಕೆ ಬಂದು ನಿಲ್ಲುತ್ತದೆ. ಮದುವೆ ನಡೆಯುತ್ತದೆ. ಮುಂದೆ ಹುಟ್ಟಿದ ಮಗುವಿಗೆ ಶ್ಯಾಮನದೇ ಹೆಸರು.

ಈಗ ಶ್ಯಾಮನನ್ನು ಗಮನಿಸಿರಿ. ಇವನು ನೇರವಾಗಿ ಕಥೆಗೆ ಬರುವವನಲ್ಲ. ‘ಗಿರಿಜಾಕಲ್ಯಾಣ’, ‘ಜಗನ್ನಾಥವಿಜಯ’ಗಳಂತೆ ಕಥೆಗೆ ದೊಡ್ಡ ಹೆಸರಿಡಬಹುದಿತ್ತಲ್ಲ ಎಂದು ಶುರುಮಾಡುತ್ತಾನೆ. ಭೂಪಟದಲ್ಲಿ ಹೊಸಹಳ್ಳಿ ಇಲ್ಲವೆಂದು ಭೂಗೋಳ ಬರೆದವರನ್ನು ದೂರುತ್ತಾನೆ. ಹಬ್ಬದೂಟಕ್ಕೆ ಕರಿಗಡುಬು ಹೇಗೋ ಮೈಸೂರು ಸೀಮೆಗೆ ತನ್ನ ಊರು ಹಾಗೆ ಎನ್ನುತ್ತಾನೆ. (ಕರಿಗಡುಬಿನ ಅರ್ಥವನ್ನು ನಮ್ಮ ಮಕ್ಕಳಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ, ಮಧ್ಯಾಹ್ನದ ತರಗತಿಯಲ್ಲಿ ಆ ಮಾತು ಬಂದದ್ದೇ ತಪ್ಪಾಯಿತು.) ಬ್ರಹ್ಮರಂಧ್ರಕ್ಕೇ ಏರುವ ಮಾವಿನ ಹುಳಿ, ಕೆರೆಯ ಬಳ್ಳಿಯ ಹೂವು, ಊಟಕ್ಕಾಗುವ ಅದರ ಎಲೆ, ಎಲ್ಲವೂ ಆಗಬೇಕು ಅವನಿಗೆ. ಇದನ್ನೆಲ್ಲ ನಾನು ‘ಶೈಲಿ: ಸರಳ, ಹಾಸ್ಯಮಯ’ ಎಂಬ ಮೂರು ಪದಗಳಲ್ಲಿ ಮುಗಿಸಿದ್ದೆ.

ಆದರೆ ಈ ಹರಟೆ ಬರಿಯ ಅಲಂಕಾರವಲ್ಲ. ಕಟ್ಟೆಯ ಮೇಲೆ ಕೂತ ಆತ್ಮೀಯನೊಬ್ಬ ಊರ ಸುದ್ದಿ ಹೇಳಿದಂತೆ ಶ್ಯಾಮ ನಮ್ಮನ್ನು ತನ್ನ ಪಕ್ಕಕ್ಕೆ ಎಳೆದುಕೊಳ್ಳುತ್ತಾನೆ. ಒಮ್ಮೆ ಅವನ ಪಕ್ಕ ಕುಳಿತ ಮೇಲೆ ಅವನ ಸುಳ್ಳು ನಮಗೆ ತುಂಟತನವಾಗಿ ಕಾಣುತ್ತದೆ, ಅವನ ಸಂಚು ಉಪಕಾರವಾಗಿ ಕಾಣುತ್ತದೆ. ಮಾತು ಬಲ್ಲ ವಯಸ್ಸಿನ ಹೆಣ್ಣು ಬೇಕೆಂದ ರಂಗ ಹನ್ನೊಂದರ ಬಾಲೆಯನ್ನು ಒಪ್ಪಿದ್ದೂ ನಗುವಿನಲ್ಲಿ ಮುಳುಗಿಹೋಗುತ್ತದೆ. ತಾನು ಹೂಡಿದ ಆಟವನ್ನು ಶ್ಯಾಮ ನಮ್ಮಿಂದ ಮುಚ್ಚಿಡುವುದಿಲ್ಲ ಎಂಬುದೇ ಇಲ್ಲಿಯ ಸೊಗಸು. ಗುಟ್ಟನ್ನು ನಮ್ಮ ಕಿವಿಗೂ ಹಾಕಿ, ನಮ್ಮನ್ನೂ ಪಾಲುದಾರರನ್ನಾಗಿ ಮಾಡಿಕೊಳ್ಳುತ್ತಾನೆ. ಆದ್ದರಿಂದ ಈ ಕಥೆಯ ನಾಯಕ ರಂಗನಲ್ಲ, ಶ್ಯಾಮನೇ ಎಂಬುದು ನನ್ನ ಈಗಿನ ಅಭಿಪ್ರಾಯ. ಮಗುವಿಗೆ ಹೆಸರಿಡುವಾಗ ರಂಗನಿಗೂ ಹಾಗೆಯೇ ತೋರಿರಬೇಕು.

ಈ ತಿಳಿವಳಿಕೆ ನನ್ನದಲ್ಲ. ಎಂಬತ್ತರ ದಶಕದ ಆರಂಭದಲ್ಲಿ, ಕಮಲಾಪುರದಲ್ಲಿ, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ನನಗೆ ಕೊಟ್ಟದ್ದು. ಪಾಠ ಪುಸ್ತಕದ್ದಲ್ಲ, ಕಲಬುರಗಿಯಿಂದ ತಂದಿದ್ದ ಸಂಕಲನವನ್ನು ಕೊನೆಯ ಅವಧಿಯಲ್ಲಿ ನಾನು ಗಟ್ಟಿಯಾಗಿ ಓದಿದ್ದೆ. ಶಾಸ್ತ್ರಿಗಳ ಪ್ರಸಂಗಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಕೆ ನಗಲಿಲ್ಲ. ಎದ್ದು ನಿಂತು, “ಸರ್, ರತ್ನಾಗ ಯಾರರೆ ಕೇಳ್ಯಾರೇನ್ರೀ?” ಎಂದಳು.

“ಅದು ಕಥೆಗೆ ಸಂಬಂಧವಿಲ್ಲ, ಕೂತ್ಕೋ” ಎಂದೆ.

ಸಂಬಂಧವಿತ್ತು. ರತ್ನ ಕಥೆಯಲ್ಲಿ ಹಾಡುತ್ತಾಳೆ. ಬಾಗಿಲಲ್ಲಿ ಅಪರಿಚಿತನನ್ನು ಕಂಡೊಡನೆ ಹಾಡು ನಿಲ್ಲಿಸಿ ತಲೆ ತಗ್ಗಿಸುತ್ತಾಳೆ. ಆಮೇಲೆ ಅವಳ ಮನಸ್ಸಿನೊಳಗೆ ನಮಗೆ ಪ್ರವೇಶವಿಲ್ಲ, ಏಕೆಂದರೆ ಕಥೆ ಹೇಳುತ್ತಿರುವವನಿಗೆ ಅಲ್ಲಿ ಕೆಲಸವಿಲ್ಲ. ಹೇಳುವವನು ಯಾರೆಂದು ಕೇಳಿದರೆ ಮಾತ್ರ ಈ ಮೌನ ಕಿವಿಗೆ ಬೀಳುತ್ತದೆ. ನನ್ನ ಆರು ಅಂಗಗಳಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮಾಸ್ತಿಯವರನ್ನು ಇದಕ್ಕಾಗಿ ದೂರುವುದು ಅನ್ಯಾಯ. ಮೈಸೂರು ಸಂಸ್ಥಾನದ 1894ರ ಬಾಲ್ಯವಿವಾಹ ಕಾಯಿದೆ ತಡೆದದ್ದು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು. ಹನ್ನೊಂದರ ರತ್ನ ಅದರ ರಕ್ಷಣೆಯ ಹೊರಗಿದ್ದಳು. ಬ್ರಿಟಿಷ್ ಇಂಡಿಯಾದಲ್ಲಿ ಹದಿನಾಲ್ಕು ವರ್ಷವೆಂದು ಗೊತ್ತುಮಾಡಿದ ಶಾರದಾ ಕಾಯಿದೆ ಬಂದದ್ದು 1929ರಲ್ಲಿ, ಜಾರಿಯಾದದ್ದು 1930ರಲ್ಲಿ. ಮೇಲಾಗಿ, ಹತ್ತೊಂಬತ್ತರ ಆ ತರುಣ ಮಾತು ಬಲ್ಲ ಹೆಣ್ಣಿನ ಆಸೆಯನ್ನು ರಂಗನ ಬಾಯಲ್ಲಿ ಮೊದಲೇ ಆಡಿಸಿಟ್ಟಿದ್ದಾರೆ. ಕೊನೆಯವರೆಗೂ ಅದು ಅಲ್ಲೇ ಇರುತ್ತದೆ, ಯಾರೂ ಅಳಿಸುವುದಿಲ್ಲ. ಲೇಖಕರು ಶ್ಯಾಮನಿಗಿಂತ ಹೆಚ್ಚು ಬಲ್ಲವರೆಂದು ನನಗೆ ಈಗ ಅನಿಸುವುದು ಇದರಿಂದಲೇ.

ನಾನು ಕಥೆ ಓದಿದ ಆ ವರ್ಷ ಕಾಯಿದೆಯಂತೆ ಹೆಣ್ಣಿಗೆ ಹದಿನೆಂಟು ತುಂಬಬೇಕಿತ್ತು, 1978ರಲ್ಲೇ ತಿದ್ದುಪಡಿಯಾಗಿತ್ತು. ಆ ಹುಡುಗಿಗೆ ಹದಿನೈದು. ಬೇಸಿಗೆ ರಜೆ ಮುಗಿದು ಜೂನ್‌ನಲ್ಲಿ ಶಾಲೆ ತೆರೆದಾಗ ಆಕೆ ಬರಲಿಲ್ಲ. ಲಗ್ನವಾಯಿತೆಂದು ಗೆಳತಿಯರು ಹೇಳಿದರು. ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನು ನಾನೇ. ಪ್ರಶ್ನೆ ಕೇಳಿದ ದಿನ ಆಕೆಗೆ ವರ ಗೊತ್ತಾಗಿತ್ತೇ, ಮನೆಯಲ್ಲಿ ಮಾತುಕತೆ ನಡೆದಿತ್ತೇ ಎಂದು ನಾನು ವಿಚಾರಿಸಲಿಲ್ಲ. ಕೇಳಬಹುದಾಗಿದ್ದ ಮನೆ ಶಾಲೆಯಿಂದ ನಾಲ್ಕು ಓಣಿ ಆಚೆಗಿತ್ತು.

ಅದಾದ ಮೇಲೆ ಕಲಬುರಗಿಗೆ ವರ್ಗವಾಗಿ, ನಿವೃತ್ತಿಯವರೆಗೆ ಅದೇ ಟಿಪ್ಪಣಿಯನ್ನು ಅದೆಷ್ಟೋ ತರಗತಿಗಳಿಗೆ ಬರೆಸಿದೆ. ನಿಮ್ಮಲ್ಲಿ ಹಲವರ ನೋಟುಪುಸ್ತಕಗಳಲ್ಲಿ ಅದು ಇನ್ನೂ ಇರಬಹುದು. ನಾಯಕ ರಂಗ ಎಂದಿರುವಲ್ಲಿ ತಿದ್ದಿಕೊಳ್ಳಿರಿ.

ದೂರವಾಣಿ ಮಾಡಿದ್ದ ಆ ಶಿಕ್ಷಕರಿಗೆ ನಿನ್ನೆ ಪತ್ರ ಹಾಕಿದ್ದೇನೆ. ಕಥೆಯನ್ನು ಮೊದಲು ಪೂರ್ತಿ ಗಟ್ಟಿಯಾಗಿ ಓದಿರಿ, ಕರಿಗಡುಬನ್ನು ಬಿಡಬೇಡಿರಿ. ಆಮೇಲೆ ಶ್ಯಾಮ ಎಷ್ಟು ಸಲ ಮಾತನಾಡುತ್ತಾನೆ, ರಂಗ ಎಷ್ಟು ಸಲ, ರತ್ನ ಎಷ್ಟು ಸಲ ಎಂದು ಮಕ್ಕಳಿಂದಲೇ ಎಣಿಸಿರಿ ಎಂದು ಬರೆದೆ. ಎಣಿಸುವಾಗ ಯಾರಾದರೂ ಎದ್ದು ನಿಂತರೆ ಕೂರಿಸಬೇಡಿರಿ ಎಂದೂ ಸೇರಿಸಿದೆ.